ಮ್ಯಾಗ್ನೆಟ್ ಹಿಡಿಯಲಿಲ್ಲ ಎಂದು ಹಿತ್ತಾಳೆ ಅಂದುಕೊಳ್ಳಬೇಡಿ: ಹಳೆ ರೇಜರ್ ಕೊಳ್ಳುವವರು ಓದಿ

ಮೊದಲೇ ಹೇಳಿಬಿಡುತ್ತೇನೆ. 2,800 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ದುಡ್ಡು ಹೋದದ್ದಕ್ಕಿಂತ ನಾಚಿಕೆ ಜಾಸ್ತಿ. ಮನೆಯಲ್ಲಿ ಇನ್ನೂ 1,200 ಎಂದೇ ಹೇಳಿದ್ದೇನೆ.

ಅಂಕೋಲೆಯಿಂದ ಕಾರವಾರಕ್ಕೆ ಬಸ್ಸು ಹತ್ತಿ ಹೋಗಿ ತಂದ ರೇಜರ್ ಅದು. ಹಳೆ ವಾಚು, ಹಳೆ ಪೆನ್ನು, ಹಳೆ ರೇಜರ್ ಮಾರುವ ಒಬ್ಬರು ಫೋನಿನ ಸ್ಟೇಟಸ್‌ನಲ್ಲಿ ಫೋಟೋ ಹಾಕುತ್ತಾರೆ. ನೀಲಿ ಬಟ್ಟೆಯ ಮೇಲೆ ಇಟ್ಟು, ಬೆಳಕು ಬಿಟ್ಟು. ಹೆಸರು ಬರೆಯುವುದಿಲ್ಲ, ಜಗಳ ಬೇಡ. ಅವರು ಬರೆದಿದ್ದು "ಗಿಲೆಟ್ ಟೆಕ್, 1940, ಅಪ್ಪಟ ಹಿತ್ತಾಳೆ, ಮೇಲೆ ನಿಕಲ್, ಒಂದೇ ಪೀಸ್".

ಟೆಕ್ ಎಂದರೆ ಗಿಲೆಟ್ ಕಂಪನಿಯ ಒಂದು ಸೇಫ್ಟಿ ರೇಜರ್, ಬಂದದ್ದು 1930ರ ದಶಕದ ಕೊನೆಯಲ್ಲಿ. ವರ್ಷ ಸರಿಹೊಂದುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮೆರಿಕದಲ್ಲಿ ಮಾಡಿದ ಗಿಲೆಟ್‌ಗಳ ಮೇಲೆ 1950ರ ದಶಕದ ಶುರುವಿನಿಂದ ವರ್ಷಕ್ಕೊಂದು ಅಕ್ಷರ, ಮೂರು ತಿಂಗಳಿಗೊಂದು ಅಂಕೆ ಒತ್ತುತ್ತಿದ್ದರು. 1940 ಎಂದುಬಿಟ್ಟರೆ ಆ ಅಕ್ಷರ ಹುಡುಕುವ ಪ್ರಶ್ನೆಯೇ ಇಲ್ಲ. ಆಸಾಮಿ ಎಷ್ಟು ಜಾಣ ನೋಡಿ. ಕಂಪನಿಯ ಹೆಸರೂ ಇರಲಿಲ್ಲ. ಕೇಳಿದೆ. "ಸವೆದು ಹೋಗಿದೆ ಸರ್, ಎಂಬತ್ತು ವರ್ಷ ಅಲ್ವಾ" ಎಂದರು. ಒತ್ತಿದ ಅಕ್ಷರ ಸವೆಯುವಷ್ಟು ಹಳೆಯದಾದರೆ ಮೇಲಿನ ಹೊಳಪು ಎಲ್ಲಿಂದ ಬಂತು? ಇದು ನನಗೆ ಹೊಳೆದದ್ದು ಮೂರು ತಿಂಗಳ ನಂತರ.

ಈಗ ಆ ಮ್ಯಾಗ್ನೆಟ್ಟಿನ ವಿಷಯ. ನಾನು ಅನುಮಾನದಿಂದ ರೇಜರನ್ನು ಕೈಯಲ್ಲಿ ತೂಗಿ ನೋಡುತ್ತಿದ್ದೆ. ಅವರು ಅಂಗಿ ಜೇಬಿನಿಂದ ಒಂದು ಸಣ್ಣ ಮ್ಯಾಗ್ನೆಟ್ ತೆಗೆದರು. ಜೇಬಿನಲ್ಲೇ ಇಟ್ಟುಕೊಂಡಿದ್ದರು! ರೇಜರಿಗೆ ತಾಗಿಸಿ ಬಿಟ್ಟರು. ಠಣ್ ಎಂದು ಮೇಜಿನ ಮೇಲೆ ಬಿತ್ತು. "ನೋಡಿ ಸರ್, ಕಚ್ಚಿಕೊಂಡಿತಾ? ಇಲ್ಲ. ಮತ್ತೆಂಥ ಬೇಕು ನಿಮಗೆ?" ನಾನು ತಲೆಯಾಡಿಸಿದೆ. ಪಿಯುಸಿ ಸೈನ್ಸ್ ಓದಿದವನು, ತಲೆಯಾಡಿಸಿದೆ. ಮ್ಯಾಗ್ನೆಟ್ ಹಿಡಿಯದಿದ್ದರೆ ಕಬ್ಬಿಣ ಅಲ್ಲ ಎಂದಷ್ಟೇ ಅರ್ಥ. ಸತುವನ್ನೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಅಲ್ಯುಮಿನಿಯಂ ಅನ್ನೂ ಹಿಡಿಯುವುದಿಲ್ಲ. ಆ ಠಣ್ ಸದ್ದು ಈಗಲೂ ಕಿವಿಯಲ್ಲಿದೆ.

ಮೇ ತಿಂಗಳಲ್ಲಿ ತಂದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಬಚ್ಚಲಲ್ಲಿ ಏನಿಟ್ಟರೂ ಒಣಗುವುದಿಲ್ಲ. ಜುಲೈ ಹೊತ್ತಿಗೆ ರೇಜರಿನ ತಲೆಯ ಅಂಚಿನಲ್ಲಿ ಸಣ್ಣ ಗುಳ್ಳೆ. ಗುಳ್ಳೆ ಒಡೆದರೆ ಒಳಗೆ ಬಿಳಿ ಪುಡಿ. ಇಲ್ಲೇ ನನಗೆ ಗೊತ್ತಾಗಬೇಕಿತ್ತು. ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಬಿಳಿ ಪುಡಿ ಬರುವುದು ಸತುವಿಗೆ. ಮಾರಿದವರಿಗೆ ಫೋಟೋ ಕಳಿಸಿದೆ.

"ಅದು ಸೋಪ್ ಸರ್."

ಸೋಪ್ ಅಲ್ಲ, ತೊಳೆದು ನೋಡಿದ್ದೇನೆ ಎಂದೆ.

"ನೀವು ಸಮುದ್ರದ ಹತ್ತಿರ ಇದ್ದೀರಿ, ಉಪ್ಪು ಗಾಳಿ ಸರ್."

ಇವರೇನು ರಾಯಚೂರಿನಲ್ಲಿ ಕೂತಿದ್ದಾರಾ? ಕಾರವಾರದಲ್ಲಿ ಕೂತು ನನಗೆ ಉಪ್ಪು ಗಾಳಿಯ ಪಾಠ!

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಬ್ಲೇಡು ಹಾಕಿ ಹಿಡಿಕೆ ತಿರುಗಿಸುತ್ತಿದ್ದೆ. ಕಟಕ್ ಎಂದಿತು. ತಲೆಯಿಂದ ಹಿಡಿಕೆಯೊಳಗೆ ಇಳಿಯುವ ಥ್ರೆಡ್ ಕಡ್ಡಿ ಮುರಿದು ಒಳಗೇ ಉಳಿಯಿತು. ಕೆನ್ನೆಯ ಮೇಲೆ ಇರುವಾಗ ಮುರಿಯಲಿಲ್ಲ, ಅಷ್ಟೇ ಪುಣ್ಯ. ಮುರಿದ ಜಾಗ ಬೂದು ಬಣ್ಣ, ಸಕ್ಕರೆಯ ಹಾಗೆ ಹರಳು ಹರಳು. ಪರಿಚಯದ ಅಕ್ಕಸಾಲಿಗರಿಗೆ ತೋರಿಸಿದೆ. ಕನ್ನಡಕ ಏರಿಸಿ ಒಂದು ಸಲ ನೋಡಿದರು. "ಇದು ಸತುವಿನ ಎರಕ ಮಾರಾಯ್ರೆ. ಹಿತ್ತಾಳೆ ಆದರೆ ಮುರಿದಲ್ಲಿ ಹಳದಿ ಕಾಣಬೇಕಲ್ಲ" ಎಂದರು. ಮುಗಿಯಿತು.

ಇದನ್ನು ಜಮಾಕ್ ಎನ್ನುತ್ತಾರಂತೆ. ಸತುವಿಗೆ ಸ್ವಲ್ಪ ಅಲ್ಯುಮಿನಿಯಂ, ಮೆಗ್ನೀಷಿಯಂ, ತಾಮ್ರ ಸೇರಿಸಿದ್ದು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಹೊಸ ರೇಜರ್ ಇದರದ್ದೇ. ಅದರಲ್ಲಿ ತಪ್ಪೇನಿಲ್ಲ. ಮೇಲಿನ ಕ್ರೋಮ್ ಗಟ್ಟಿ ಇರುವ ತನಕ ಚೆನ್ನಾಗೇ ನಡೆಯುತ್ತದೆ, ಪದರ ಒಡೆದ ಮೇಲೆ ಒಳಗೊಳಗೇ ತಿನ್ನುತ್ತದೆ. ಹೊಸದು ಎಂದು ಹೊಸದರ ಬೆಲೆಗೆ ಕೊಟ್ಟಿದ್ದರೆ ನನ್ನದೇನೂ ತಕರಾರಿಲ್ಲ. 1940 ಎಂದು ಯಾಕೆ ಹೇಳಬೇಕಿತ್ತು?

ಮುರಿದ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಕೆಳಗೆ ಬೀಳಿಸಿದ್ದೀರಿ ಅಲ್ವಾ ಸರ್?" ಇಲ್ಲ ಎಂದೆ. "ಬಿದ್ದಿರಬೇಕು ಸರ್." ಇಲ್ಲ ಎಂದೆ. ಒಳಗೆ ಸತು ಇದೆ ಎಂದಾಗ ಇನ್ನೂ ಮಜಾ: "ಹಿತ್ತಾಳೆಯಲ್ಲೂ ಸತು ಇರುತ್ತದೆ ಸರ್, ಯಾರನ್ನಾದರೂ ಕೇಳಿ." ಇರುತ್ತದೆ! ತಾಮ್ರಕ್ಕೆ ಸತು ಸೇರಿಸಿದರೇ ಹಿತ್ತಾಳೆ. ಆ ಅರ್ಧ ಸತ್ಯಕ್ಕೆ ಏನು ಬರೆಯಬೇಕು ಎಂದು ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಕೊನೆಗೆ "ಹಳೆ ಸಾಮಾನಿಗೆ ಗ್ಯಾರಂಟಿ ಇಲ್ಲ ಸರ್" ಎಂದು ಬರೆದು ಬ್ಲಾಕ್ ಮಾಡಿದರು. ಮಾರುವಾಗ ಹೇಳಿದ್ದು "ನಿಮ್ಮ ಮೊಮ್ಮಗನೂ ಇದರಲ್ಲೇ ಗಡ್ಡ ತೆಗೆಯಬಹುದು".

ಇಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕೊಳ್ಳಲು ಹೋದ ದಿನ ಹೋಲಿಸಿ ನೋಡಲು ನಮ್ಮಜ್ಜನ ರೇಜರ್ ಒಯ್ದಿದ್ದೆ. ಅಜ್ಜ ಮುಂಬೈನಲ್ಲಿ ಕೆಲಸಕ್ಕಿದ್ದಾಗ ಕೊಂಡದ್ದು, ಇಂಗ್ಲೆಂಡಿನದು, ಹಿತ್ತಾಳೆಯ ಮೇಲೆ ಚಿನ್ನದ ನೀರು. ಸ್ವಲ್ಪ ಮಸುಕಾಗಿತ್ತು. ಮಾರುವವರು ತಿರುಗಿಸಿ ನೋಡಿ, "ಬಿಂಬಲಕಾಯಿ ಹಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಈ ಪೇಸ್ಟ್ ಹಾಕಿ ಉಜ್ಜಿ" ಎಂದು 150 ರೂಪಾಯಿಗೆ ಒಂದು ಪಾಲಿಶ್ ಪೇಸ್ಟ್ ಕೊಟ್ಟರು. ದೇವರ ದೀಪಕ್ಕೆ ನಮ್ಮಲ್ಲಿ ಹುಳಿ ಹುಳಿ ಬಿಂಬಲಕಾಯಿ ಹಚ್ಚುವುದು ಇದ್ದದ್ದೇ, ಹಾಗಾಗಿ ಅನುಮಾನ ಬರಲಿಲ್ಲ. ಆದರೆ ದೀಪ ಪೂರ್ತಿ ಹಿತ್ತಾಳೆ. ರೇಜರಿನ ಚಿನ್ನ ಉಗುರಿನ ಬಣ್ಣಕ್ಕಿಂತಲೂ ತೆಳು. ಚಿನ್ನಕ್ಕೆ ಹುಳಿ ಏನೂ ಮಾಡುವುದಿಲ್ಲ. ಆದರೆ ಪೇಸ್ಟಿನ ಕಣ ಅದನ್ನು ಕೆರೆದು ತೆಗೆಯಿತು. ಬಟ್ಟೆಗೆ ಕಪ್ಪು ಹತ್ತುತ್ತಿತ್ತು. ಕೊಳೆ ಹೋಗುತ್ತಿದೆ ಎಂದು ಖುಷಿಯಿಂದ ಇನ್ನೂ ಜೋರಾಗಿ ಉಜ್ಜಿದೆ. ಹೋಗುತ್ತಿದ್ದದ್ದು ಅಜ್ಜನ ಚಿನ್ನ. ಈಗ ಹಿಡಿಕೆಯ ಗೀರುಗಳ ಸಂದಿಯಲ್ಲಿ ಮಾತ್ರ ಸ್ವಲ್ಪ ಉಳಿದಿದೆ.

ಆ ಮಸುಕು ಬಹುಶಃ ಹಳೆ ಸೋಪು. ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಟೂತ್‌ಬ್ರಶ್, ಒರೆಸಿ ಒಣಗಿಸುವುದು. ಇಷ್ಟೇ ಸಾಕಿತ್ತು. ಕುದಿಯುವ ನೀರು ಬೇಡ, ಬ್ಲೀಚ್ ಬೇಡ, ಚಿನ್ನದ ಹತ್ತಿರ ಯಾವ ಪೇಸ್ಟೂ ಬೇಡ. ಕೊಳ್ಳುವಾಗ ಮೂರೂ ಭಾಗ (ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿಕೆ) ಬಿಚ್ಚಿಸಿ, ಪದರ ಸವೆದ ಮೂಲೆ ಹುಡುಕಿ. ಒಳಗೆ ಹಳದಿ ಕಾಣದಿದ್ದರೆ ಎದ್ದು ಬನ್ನಿ. ಹಿತ್ತಾಳೆ ಸತುವಿಗಿಂತ ಭಾರ, ಒಂದು ಘನ ಸೆಂಟಿಮೀಟರಿಗೆ 8.5 ಗ್ರಾಂ ಸುಮಾರು, ಜಮಾಕ್ 6.6 ಸುಮಾರು. ಮತ್ತೆ, ಜೇಬಿನಿಂದ ಮ್ಯಾಗ್ನೆಟ್ ತೆಗೆಯುವವರ ಹತ್ತಿರ ಏನೂ ಕೊಳ್ಳಬೇಡಿ.

ನಿನ್ನೆ ತಂಗಿಯ ಗಂಡನ ಫೋನಿನಲ್ಲಿ ಆ ಮಾರುವವರ ಸ್ಟೇಟಸ್ ನೋಡಿದೆ. ಅದೇ ನೀಲಿ ಬಟ್ಟೆ, ಅದೇ ಟೆಕ್, "1940, ಒಂದೇ ಪೀಸ್". ಬೆಲೆ ಈಗ 3,200.