ಕೆಡಲ್‌ಸ್ಟನ್ ಸೇತುವೆಯೋ, ಸ್ಟೌರ್‌ಹೆಡ್ ಸೇತುವೆಯೋ?

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಹದಿನೆಂಟನೆಯ ಶತಮಾನದ ಶ್ರೀಮಂತರ ಉದ್ಯಾನವೊಂದನ್ನು ನೋಡಲು ಒಂದೇ ದಿನವನ್ನು ಮೀಸಲಿಡುವುದಾದರೆ, ಸಾಮಾನ್ಯವಾಗಿ ವಿಲ್ಟ್‌ಶೈರಿನ ಸ್ಟೌರ್‌ಹೆಡ್ ಮತ್ತು ಡರ್ಬಿಯ ಸಮೀಪದ ಕೆಡಲ್‌ಸ್ಟನ್ ಹಾಲ್ ನಡುವೆ ಆಯ್ಕೆ ಏಳುತ್ತದೆ.

ಸ್ಟೌರ್‌ಹೆಡ್‌ನ ಐದು ಕಮಾನುಗಳ ಸೇತುವೆ 1762ರದು. ಮೈಮೇಲೆ ಹುಲ್ಲು ಹೊದ್ದು ಕೆರೆಯ ಅಂಚಿನಲ್ಲಿ ನಿಂತಿರುವ ಅದು ದೂರದಿಂದ ನೋಡಲೆಂದೇ ಇರುವಂಥದ್ದು. ಅದರಾಚೆ ಕಾಣುವ, ರೋಮಿನ ಪ್ರಾಚೀನ ದೇಗುಲದ ಮಾದರಿಯ ಪ್ಯಾಂಥಿಯನ್ ಮಂದಿರವೇ ಅದರ ನಿಜವಾದ ಅರ್ಥ.

ಕೆಡಲ್‌ಸ್ಟನ್‌ನಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಆಡಮ್ 1770ರ ಸುಮಾರಿಗೆ ಕಟ್ಟಿಸಿದ ಸೇತುವೆಗೆ ಮೂರೇ ಕಮಾನುಗಳು, ಆದರೆ ಕೆಳಗೆ ನೀರು ಮೆಟ್ಟಿಲಿನಂತೆ ಧುಮುಕುತ್ತದೆ. ಇನ್ನೂ ಸ್ವಾರಸ್ಯವಾದುದು ಅದೇ ಕಾಲದ ಮೀನುಗಾರಿಕೆಯ ಮಂಟಪ: ಕೆಳಗೆ ತಣ್ಣೀರಿನ ಸ್ನಾನದ ಕೊಳ, ಎರಡು ಪಕ್ಕಗಳಲ್ಲಿ ದೋಣಿಮನೆಗಳು, ಮೇಲಿನ ಕೋಣೆಯಲ್ಲಿ ಮನೆಯ ಹೆಂಗಸರು ಬಿಸಿಲು ತಾಗದಂತೆ ಕಿಟಕಿಯಿಂದಲೇ ಗಾಳ ಹಾಕಲು ಅನುಕೂಲ. ಒಂದು ಪುಟ್ಟ ಕಟ್ಟಡದೊಳಗೆ ಇಷ್ಟು ಕೆಲಸಗಳನ್ನು ಸೇರಿಸಿದ ಜಾಣ್ಮೆ ಸ್ಟೌರ್‌ಹೆಡ್‌ನ ಸೇತುವೆಯಲ್ಲಿ ಕಾಣದು.

ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಹುಟ್ಟಿದ ಮನೆಯೂ ಈ ಕೆಡಲ್‌ಸ್ಟನ್ ಹಾಲೇ. ಅವನು ಏಷ್ಯಾದಿಂದ ತಂದ ವಸ್ತುಗಳ ಸಂಗ್ರಹಾಲಯ ಒಳಗಿದೆ, ನಮ್ಮವರಿಗೆ ಅದನ್ನು ನೋಡುವಾಗ ಬೆರಗಿನ ಜೊತೆಗೆ ಸ್ವಲ್ಪ ಇರುಸುಮುರುಸೂ ಆದೀತು.

ಶರತ್ಕಾಲದ ಮರಗಳ ಬಣ್ಣ, ಕೆರೆಯ ಸುತ್ತಲಿನ ನಡಿಗೆ, ಫೋಟೋ ಮುಖ್ಯವಾದರೆ ಸ್ಟೌರ್‌ಹೆಡ್ ಸರಿ. ಕಟ್ಟಡ ಹೇಗೆ ಬಳಕೆಯಾಗುತ್ತಿತ್ತೆಂಬ ಕುತೂಹಲವಿದ್ದವರಿಗೆ ನಾನು ಕೆಡಲ್‌ಸ್ಟನ್ ಅನ್ನೇ ಹೇಳುತ್ತೇನೆ. ಎರಡೂ ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿರುವುದರಿಂದ ಸದಸ್ಯತ್ವವಿದ್ದವರು ಪ್ರವೇಶ ಶುಲ್ಕವನ್ನು ಲೆಕ್ಕ ಹಾಕಬೇಕಾಗಿಲ್ಲ.