ಉಸಿರು ಕಟ್ಟುತ್ತಿದೆ ಎಂದು ಹೋದವಳಿಗೆ ತೂಕ ಇಳಿಸುವ ಪ್ಯಾಕೇಜು ಮಾರಿದರು: ದಯವಿಟ್ಟು ಎಚ್ಚರ ವಹಿಸಿ

ಸುಸ್ತು, ಎದೆಬಡಿತ, ಉಸಿರಾಟದ ತೊಂದರೆ, ಮುಟ್ಟಿನ ತೊಂದರೆ, ಹೀಗೆ ಯಾವುದಾದರೂ ದೂರು ಹೇಳಿಕೊಂಡು ಹೋದ ನಿಮ್ಮ ಮುಂದೆ, ಒಂದು ಹನಿ ರಕ್ತವನ್ನೂ ಪರೀಕ್ಷಿಸದೆ ತೂಕ ಇಳಿಸುವ ಪ್ಯಾಕೇಜಿನ ಕಾಗದವನ್ನು ಯಾರಾದರೂ ಇಟ್ಟರೆ, ದಯವಿಟ್ಟು ಸಹಿ ಹಾಕಬೇಡಿ, ಹಣ ಕಟ್ಟಬೇಡಿ. ನನ್ನಿಂದ ಕಟ್ಟಿಸಿಕೊಂಡರು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಕಾಯಿಲೆ ಬಲಿಯುತ್ತಿದ್ದ ಅಷ್ಟೂ ತಿಂಗಳು ನನ್ನನ್ನು ಹೊಗಳಿ ಹೊಗಳಿ ಮನೆಗೆ ಕಳುಹಿಸಿದರಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಕುರ್ಚಿಯಲ್ಲಿ ನಾಳೆ ಇನ್ನೊಬ್ಬರನ್ನು ಕೂರಿಸುತ್ತಾರೆ.

ನಾನು ಚಿಕ್ಕಂದಿನಿಂದಲೂ ದಪ್ಪಗಿರುವವಳು. ಆ ಮಾತನ್ನು ಬೈಗುಳವಾಗಿ ಕೇಳಿಕೊಂಡೇ ಬೆಳೆದು, ಎತ್ತರ, ಮೈಬಣ್ಣಗಳಂತೆ ಇದೂ ನನ್ನ ದೇಹದ ಒಂದು ವಿವರ ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಹೀಗೆ ಒಪ್ಪಿಕೊಂಡವರು ಆರೋಗ್ಯವನ್ನು ಕಡೆಗಣಿಸುತ್ತಾರೆ ಎಂದು ಹೇಳುವವರಿದ್ದಾರೆ. ನನ್ನ ಅನುಭವ ಅದಕ್ಕೆ ತೀರ ವಿರುದ್ಧವಾದದ್ದು. ಈ ದೇಹ ನನ್ನದು, ಇದಕ್ಕೂ ಆರೈಕೆ ಬೇಕು, ಇದರ ನೋವನ್ನೂ ಬೇರೆಯವರ ನೋವಿನಷ್ಟೇ ಗಂಭೀರವಾಗಿ ನೋಡಬೇಕು ಎಂದು ಮನಸ್ಸಿಗೆ ಬಂದ ಮೇಲೆಯೇ ನಾನು ಧೈರ್ಯವಾಗಿ ವೈದ್ಯರ ಬಳಿಗೆ ಹೋಗತೊಡಗಿದ್ದು. ಅದಕ್ಕೂ ಮೊದಲು, ತೂಕದ ಮಾತು ಎತ್ತುತ್ತಾರೆಂಬ ಹೆದರಿಕೆಯಿಂದ ಜ್ವರ ಬಂದರೂ ಮನೆಯಲ್ಲೇ ಮಲಗಿರುತ್ತಿದ್ದೆ. ತೂಕದ ಹೆಸರಿನಲ್ಲಿ ಮಾಡುವ ಅವಮಾನವು ಮೈಗೂ ಮನಸ್ಸಿಗೂ ಹಾನಿ ಮಾಡುತ್ತದೆ, ಸರಿಯಾದ ಚಿಕಿತ್ಸೆ ಸಿಗದಂತೆ ಮಾಡುತ್ತದೆ ಎಂಬುದು ವೈದ್ಯಲೋಕಕ್ಕೆ ತಿಳಿಯದ ಸಂಗತಿಯೇನಲ್ಲ. 2020ರಲ್ಲಿ ಹಲವು ದೇಶಗಳ ತಜ್ಞರು ಒಟ್ಟು ಸೇರಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇದನ್ನೇ ಒಮ್ಮತದ ಹೇಳಿಕೆಯಾಗಿ ಪ್ರಕಟಿಸಿದ್ದಾರೆ. ತಿಳಿದಿದ್ದೂ ಹೀಗೆ ನಡೆಸಿಕೊಳ್ಳುತ್ತಾರೆ ಎಂಬುದೇ ನನ್ನ ದೂರು.

ಪ್ಯಾಕೇಜು ಮಾರಿದ ಆ ಕ್ಲಿನಿಕ್ಕಿಗೆ ನಾನು ಹೋದದ್ದು ತೂಕ ಇಳಿಸಲು ಅಲ್ಲ. ಒಂದು ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಮುಟ್ಟಿನ ದಿನಗಳಲ್ಲಿ ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುತ್ತಿತ್ತು, ಹೆಪ್ಪುಗಟ್ಟಿದ ರಕ್ತ ಹೋಗುತ್ತಿತ್ತು. ಹೇಳುವಾಗ ಮರೆಯಬಾರದೆಂದು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ವೈದ್ಯರು ಆ ಚೀಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಾನು ಕೋಣೆಯೊಳಗೆ ಕಾಲಿಡುವ ಮೊದಲೇ ತೂಕದ ಯಂತ್ರದ ಅಂಕಿ ಅವರ ಮೇಜು ತಲುಪಿತ್ತು.

“ನೋಡಿ ಅಮ್ಮಾ, ಇಷ್ಟು ಭಾರ ಹೊತ್ತುಕೊಂಡು ಮೆಟ್ಟಿಲು ಹತ್ತಿದರೆ ಯಾರಿಗಾದರೂ ಉಸಿರು ಕಟ್ಟುತ್ತದೆ. ಮೊದಲು ತೂಕ ಇಳಿಸಿ, ಉಳಿದದ್ದನ್ನು ಆಮೇಲೆ ನೋಡೋಣ” ಎಂದರು.

“ಹೋದ ವರ್ಷವೂ ನನ್ನ ತೂಕ ಇಷ್ಟೇ ಇತ್ತು ಡಾಕ್ಟರೇ, ಆಗ ಇದೇ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತುತ್ತಿದ್ದೆ” ಎಂದೆ.

“ವಯಸ್ಸು ಹಿಂದಕ್ಕೆ ಹೋಗುವುದಿಲ್ಲವಲ್ಲ” ಎಂದರು. ಮುಟ್ಟಿನ ವಿಷಯ ಎತ್ತಿದರೆ, “ಅದೂ ತೂಕದಿಂದಲೇ, ಹಾರ್ಮೋನು” ಎಂದು ಮಾತು ಮುಗಿಸಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಲಿಲ್ಲ, ಹೊಟ್ಟೆ ಮುಟ್ಟಿ ನೋಡಲಿಲ್ಲ, ಎದೆಗೆ ಸ್ಟೆತಸ್ಕೋಪು ಇಡಲಿಲ್ಲ. ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ. ಈ ಒಂದೇ ಮಾತನ್ನು ಮುಂದಿನ ತಿಂಗಳುಗಳಲ್ಲಿ ಆ ಕಟ್ಟಡದ ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ.

ಬಿಪಿ ನೋಡಿದ ರೀತಿಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ದಪ್ಪ ತೋಳಿನವರೆಲ್ಲರಿಗೂ ಇದು ಆಗುತ್ತದೆ. ತೋಳಿಗೆ ಸುತ್ತುವ ಪಟ್ಟಿ ನನಗೆ ಸಾಲಲಿಲ್ಲ, ಗಾಳಿ ತುಂಬುತ್ತಿದ್ದಂತೆ ಬಿಚ್ಚಿಕೊಳ್ಳುತ್ತಿತ್ತು. ನರ್ಸ್ ಅದನ್ನು ಕೈಯಲ್ಲಿ ಅದುಮಿ ಹಿಡಿದು, “ನಿಮ್ಮ ಕೈಗೆ ಆಗುವಂಥದ್ದು ನಮ್ಮಲ್ಲಿಲ್ಲ ಮೇಡಂ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಬಿಪಿ ಹೆಚ್ಚಿದೆ ಎಂದು ಬರೆದರು. ಪಟ್ಟಿಯೊಳಗಿನ ಗಾಳಿಚೀಲವು ತೋಳಿನ ಸುತ್ತಳತೆಯ ಸುಮಾರು 80 ಶೇಕಡಾ ಭಾಗವನ್ನು ಸುತ್ತುವರಿಯಬೇಕು. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿ ಇದ್ದಂತೆ ಕಾಣುತ್ತದೆ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಸುತ್ತಿದರೆ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚು ತೋರಿಸುತ್ತದೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿದೆ. ಆ ಸುಳ್ಳು ಅಂಕಿಯನ್ನೇ ಹಿಡಿದು, “ಬಿಪಿಯೂ ಶುರುವಾಗಿದೆ, ಇನ್ನು ತಡ ಮಾಡಬೇಡಿ” ಎಂದು ನನ್ನನ್ನು ಪಕ್ಕದ ಕೋಣೆಗೆ ಕಳುಹಿಸಿದರು.

ಪಕ್ಕದ ಕೋಣೆಯಲ್ಲಿದ್ದವರು ವೈದ್ಯರಲ್ಲ, ಪ್ಯಾಕೇಜು ಮಾರುವವರು. ಗೋಡೆಯ ಮೇಲೆ ಬಿಎಂಐ ಪಟ್ಟಿ ಇತ್ತು, ಹಸಿರು, ಹಳದಿ, ಕೆಂಪು. ಕೆಂಪಿನ ಮೇಲೆ ಬೆರಳಿಟ್ಟು “ನೀವು ಇಲ್ಲಿದ್ದೀರಿ” ಎಂದರು. ಆ ಲೆಕ್ಕದ ಹುಟ್ಟನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರ 1830ರ ದಶಕದ್ದು. ಅದನ್ನು ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ, ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವರು, ಜನಸಮೂಹದ ಸರಾಸರಿಯನ್ನು ಹುಡುಕುತ್ತಿದ್ದವರು. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರ ಪ್ರಬಂಧದಿಂದ. ಅಮೆರಿಕದ ವೈದ್ಯರ ಸಂಘವೇ 2023ರಲ್ಲಿ ಈ ಅಂಕಿಯೊಂದನ್ನೇ ನಂಬಿ ಒಬ್ಬ ವ್ಯಕ್ತಿಯ ಆರೋಗ್ಯವನ್ನು ಅಳೆಯಬೇಡಿ ಎಂಬ ನಿಲುವು ತೆಗೆದುಕೊಂಡಿದೆ. ನನ್ನ ರಕ್ತದಲ್ಲಿ ಏನು ಕಡಿಮೆಯಾಗಿದೆ, ಗರ್ಭಕೋಶದಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನು ಆ ಬಣ್ಣದ ಪಟ್ಟಿ ಹೇಳಲು ಸಾಧ್ಯವೇ ಇರಲಿಲ್ಲ. ಆದರೂ ಅದನ್ನೇ ತೋರಿಸಿ, “ಈ ವಾರ ಸೇರಿದರೆ ರಿಯಾಯಿತಿ” ಎಂದು ಕಾಗದ ಮುಂದಿಟ್ಟರು. ಉಸಿರಾಟದ ತೊಂದರೆಗೆ ಇದೇ ಚಿಕಿತ್ಸೆ ಎಂದು ವೈದ್ಯರೇ ಹೇಳಿ ಕಳುಹಿಸಿದ್ದಾರೆಂದು ನಂಬಿ ಸಹಿ ಹಾಕಿದೆ.

ಅಲ್ಲಿನ ಡಯಟೀಷಿಯನ್ ಬಳಿ ನಾನು ಇನ್ನೊಂದು ವಿಷಯ ಹೇಳಿದ್ದೆ. ಕೆಲವು ಕಾಲದಿಂದ ಐಸ್ ಅಗಿಯಬೇಕೆಂಬ ಬಯಕೆ ಹತ್ತಿಕ್ಕಲಾಗದಷ್ಟು ಬರುತ್ತಿತ್ತು. ನಡುರಾತ್ರಿ ಎದ್ದು ಫ್ರಿಜ್ಜಿನಿಂದ ಐಸ್ ತುಂಡು ತೆಗೆದು ಅಗಿಯುತ್ತಿದ್ದೆ. ಇದು ಕಬ್ಬಿಣಾಂಶದ ಕೊರತೆಯ ಹೆಸರಾಂತ ಲಕ್ಷಣಗಳಲ್ಲಿ ಒಂದು ಎಂದು ನನಗೆ ಆಗ ಗೊತ್ತಿರಲಿಲ್ಲ, ಅವರಿಗೆ ಗೊತ್ತಿರಬೇಕಿತ್ತು. ಅವರು ನಕ್ಕು, “ಬಾಯಿಗೆ ಏನಾದರೂ ಬೇಕೇ ಬೇಕು ಅನ್ನಿಸುತ್ತದೆ ಅಲ್ಲವೇ ಮೇಡಂ, ಮನಸ್ಸು ಗಟ್ಟಿ ಮಾಡಿಕೊಳ್ಳಿ” ಎಂದರು. ಕಾಯಿಲೆಯ ಲಕ್ಷಣವನ್ನು ನನ್ನ ಸ್ವಭಾವದ ದೋಷವೆಂದು ಬರೆದುಕೊಂಡರು.

ಅವರು ಕೊಟ್ಟ ಊಟದ ಪಟ್ಟಿಯನ್ನು ಅಕ್ಷರಶಃ ಪಾಲಿಸಿದೆ. ತೂಕ ಇಳಿಯಿತು. ಒಂದು ದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಕಣ್ಣು ಕತ್ತಲಿಟ್ಟು, ಗೋಡೆ ಹಿಡಿದು ನೆಲಕ್ಕೆ ಕುಳಿತಿದ್ದೆ. ಅದೇ ದಿನ ಮಧ್ಯಾಹ್ನ ಅಲ್ಲಿಗೆ ಹೋದಾಗ ಯಂತ್ರದ ಅಂಕಿ ನೋಡಿ, ಕಾಯುತ್ತಿದ್ದವರ ಎದುರಿಗೆ ನನ್ನನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ತಲೆ ಸುತ್ತುತ್ತಿದೆ, ಉಸಿರು ಮೊದಲಿಗಿಂತ ಹೆಚ್ಚು ಕಟ್ಟುತ್ತಿದೆ ಎಂದು ಹೇಳಿದೆ. “ಮೈ ಕರಗುವಾಗ ಹಾಗೆಯೇ ಆಗುತ್ತದೆ ಮೇಡಂ, ಒಳ್ಳೆಯ ಲಕ್ಷಣ” ಎಂದರು. ಒಳ್ಳೆಯ ಲಕ್ಷಣ! ಆ ಚಪ್ಪಾಳೆಗೆ ನನಗೂ ಒಂದು ಕ್ಷಣ ಸಂತೋಷವಾಯಿತು ಎಂಬುದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೈಯಲ್ಲಿ ರಕ್ತವಿಲ್ಲದೆ ನಿಂತವಳಿಗೆ ಚಪ್ಪಾಳೆ ತಟ್ಟಿದರು. ಬಾಲ್ಯದಿಂದ ಎಂದೂ ಸಿಗದ ಮೆಚ್ಚುಗೆಯನ್ನು ಮುಂದೆ ಹಿಡಿದು ನನ್ನ ಬಾಯಿ ಮುಚ್ಚಿಸಿದರು.

ಕೊನೆಗೆ ಕೆಲಸದ ಜಾಗದಲ್ಲಿ ಬಿದ್ದೆ. ಸಹೋದ್ಯೋಗಿಗಳು ಬೇರೊಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ವೈದ್ಯೆ ಬಂದವರೇ ನನ್ನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ದಿನಕ್ಕೆ ಎಷ್ಟು ಪ್ಯಾಡ್ ಎಂದು ಕೇಳಿದರು. ಆಮೇಲೆ ಅವರಾಗಿಯೇ, “ಐಸ್ ಅಗಿಯಬೇಕು ಅನ್ನಿಸುತ್ತದೆಯೇ?” ಎಂದು ಕೇಳಿದಾಗ ನಾನು ಅತ್ತುಬಿಟ್ಟೆ. ಹಿಮೋಗ್ಲೋಬಿನ್ 6.8 ಇತ್ತು. ಗರ್ಭಿಣಿಯಲ್ಲದ ವಯಸ್ಕ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಾಣಿಸಿತು. ರಕ್ತ ಹೋಗುತ್ತಿದ್ದದ್ದು ಅದರಿಂದ, ಉಸಿರು ಕಟ್ಟುತ್ತಿದ್ದದ್ದು ರಕ್ತ ಹೋಗಿದ್ದರಿಂದ. ದೊಡ್ಡ ಪಟ್ಟಿ ಸುತ್ತಿ ನೋಡಿದರೆ ನನಗೆ ಬಿಪಿಯೇ ಇರಲಿಲ್ಲ. ರಕ್ತ ಏರಿಸಿದರು, ನಂತರ ಡ್ರಿಪ್ ಮೂಲಕ ಕಬ್ಬಿಣಾಂಶ ಕೊಟ್ಟರು. ಆಕೆ ನನ್ನ ತೂಕವನ್ನು ಕೇಳಿದ್ದು ಒಮ್ಮೆ ಮಾತ್ರ, ಆ ಔಷಧದ ಪ್ರಮಾಣವನ್ನು ಲೆಕ್ಕ ಹಾಕಲು. ಕೇಳಬೇಕಾದ ಕಾರಣಕ್ಕೆ ಕೇಳಿದರು, ಬರೆದುಕೊಂಡರು, ಮುಂದಿನ ಕೆಲಸ ನೋಡಿದರು. ತೂಕದ ಪ್ರಶ್ನೆ ಅವಮಾನವಾಗದೆ ಬರಲು ಸಾಧ್ಯವಿದೆ ಎಂದು ನನಗೆ ಅಂದು ತಿಳಿಯಿತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಮೊದಲಿನ ಕಡೆಗೆ ಹೋಗಿ ನನ್ನ ಕಡತದ ಪ್ರತಿ ಕೇಳಿದೆ. ಕೊಡಲು ಸತಾಯಿಸಿದರು, ಕೊನೆಗೆ ಕೊಟ್ಟರು. ‘ಮುಖ್ಯ ದೂರು’ ಎಂಬಲ್ಲಿ ‘ತೂಕ ಇಳಿಸುವ ಇಚ್ಛೆ’ ಎಂದು ಬರೆದಿತ್ತು. ಉಸಿರಾಟದ ಮಾತು ಎಲ್ಲಿಯೂ ಇಲ್ಲ. ರಕ್ತಸ್ರಾವದ ಮಾತು ಎಲ್ಲಿಯೂ ಇಲ್ಲ. ಐಸಿನ ವಿಷಯ ‘ಹಿಡಿತವಿಲ್ಲದ ತಿನ್ನುವ ಬಯಕೆ’ ಎಂದಾಗಿತ್ತು. ಕೊನೆಯ ಪುಟದಲ್ಲಿ ‘ಉತ್ತಮ ಪ್ರಗತಿ’. ನಾನು ಮೋಸ ಹೋಗಿದ್ದೇನೆ ಎಂಬುದು ಪೂರ್ತಿಯಾಗಿ ಮನದಟ್ಟಾದದ್ದು ಆ ಕಾಗದ ಓದಿದಾಗಲೇ. ನಾನು ಹೇಳಿದ್ದನ್ನು ಅವರು ತಪ್ಪಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಕೇಳಿಸಿಕೊಂಡೇ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನನ್ನ ದೂರು ಏನೆಂದು ನನ್ನ ಮೈ ನೋಡಿ ತೀರ್ಮಾನಿಸಿದ್ದರು.

ಹಣ ಹಿಂದಿರುಗಿಸಿ ಎಂದಾಗ ಮ್ಯಾನೇಜರ್ ಕೊಟ್ಟ ಉತ್ತರ: “ನಮ್ಮಲ್ಲಿಗೆ ಬಂದ ಮೇಲೆ ನಿಮ್ಮ ತೂಕ ಇಳಿದಿದೆಯೋ ಇಲ್ಲವೋ, ಅದನ್ನು ಹೇಳಿ ಮೇಡಂ. ಇಳಿದಿದೆ ಅಂದರೆ ಪ್ಯಾಕೇಜು ಕೆಲಸ ಮಾಡಿದೆ ಅಂತಲೇ ಅಲ್ಲವೇ?” ವೈದ್ಯರನ್ನು ನೋಡಲೇಬೇಕೆಂದು ಪಟ್ಟು ಹಿಡಿದು ಕುಳಿತೆ. ಅವರು ಹೇಳಿದ್ದು: “ರಕ್ತಹೀನತೆ ಇದೆ ಎಂದು ನೀವು ಹೇಳಲೇ ಇಲ್ಲವಲ್ಲ ಅಮ್ಮಾ.” ರೋಗ ಯಾವುದೆಂದು ಹೇಳುವ ಕೆಲಸವೂ ರೋಗಿಯದೇ ಆದರೆ ನಾನು ಅವರ ಬಳಿಗೆ ಹೋದದ್ದು ಏತಕ್ಕೆ? ಚೀಟಿಯ ಮಾತೆತ್ತಿದರೆ, “ದಿನಕ್ಕೆ ಎಷ್ಟೋ ಜನ ಬರುತ್ತಾರೆ, ನೆನಪಿರುವುದಿಲ್ಲ. ನಿಮ್ಮ ಒಳ್ಳೆಯದಕ್ಕೇ ಹೇಳಿದೆವು” ಎಂದರು. ಕೊನೆಗೆ ಮ್ಯಾನೇಜರ್ ಬಾಗಿಲವರೆಗೆ ಬಂದು, ಪ್ಯಾಕೇಜನ್ನು ಇನ್ನೂ ಮೂರು ತಿಂಗಳು ಉಚಿತವಾಗಿ ಮುಂದುವರಿಸುವುದಾಗಿ ಹೇಳಿದರು. ನನಗೆ ಆದದ್ದೇನು ಎಂಬುದು ಅವರಿಗೆ ಆ ಹೊತ್ತಿಗೂ ಅರ್ಥವಾಗಿರಲಿಲ್ಲ.

ತೂಕಕ್ಕೂ ಕೆಲವು ಕಾಯಿಲೆಗಳಿಗೂ ನಂಟಿದೆ. ವೈದ್ಯರು ಆ ಮಾತನ್ನು ಆಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿ, ಆಮೇಲೆ ಆಡಲಿ. ಪರೀಕ್ಷೆಯ ಬದಲಿಗೆ ಆಡಬಾರದು.

ನಿಮ್ಮ ದೂರನ್ನು ನಿಮ್ಮದೇ ಮಾತಿನಲ್ಲಿ ಕಡತದಲ್ಲಿ ಬರೆಯಿಸಿ, ಬರೆದದ್ದನ್ನು ಅಲ್ಲೇ ಓದಿ ನೋಡಿ. “ಇದೇ ತೊಂದರೆ ಹೇಳಿಕೊಂಡು ತೆಳ್ಳಗಿರುವವರು ಬಂದಿದ್ದರೆ ಯಾವ ಪರೀಕ್ಷೆ ಮಾಡಿಸುತ್ತಿದ್ದಿರಿ? ಅದನ್ನೇ ನನಗೂ ಮಾಡಿಸಿ” ಎಂದು ನೇರವಾಗಿ ಕೇಳಿ, ಮಾಡುವುದಿಲ್ಲ ಎಂದರೆ, ಮಾಡಲಿಲ್ಲವೆಂದೂ ಏಕೆಂದೂ ಬರೆದುಕೊಡಲು ಹೇಳಿ. ದೊಡ್ಡ ಪಟ್ಟಿ ಇಲ್ಲದ ಕಡೆ ನೋಡಿದ ಬಿಪಿಯನ್ನು ನಂಬಿ ಮಾತ್ರೆ ಶುರು ಮಾಡುವ ಮೊದಲು ಸರಿಯಾದ ಪಟ್ಟಿ ಇರುವ ಕಡೆ ಇನ್ನೊಮ್ಮೆ ನೋಡಿಸಿ. ಒಬ್ಬರೇ ಹೋಗಬೇಡಿ, ನಿಮ್ಮ ಮಾತಿಗೆ ಸಾಕ್ಷಿಯಾಗಿ ಒಬ್ಬರು ಜೊತೆಗಿರಲಿ. ಚಿಕಿತ್ಸೆ ಕೊಡುವವರೂ ಪ್ಯಾಕೇಜು ಮಾರುವವರೂ ಒಂದೇ ಸೂರಿನಡಿ ಇದ್ದರೆ ಅಂಥಲ್ಲಿಗೆ ಹೋಗಲೇಬೇಡಿ ಎಂದು ನಾನಂತೂ ಹೇಳುತ್ತೇನೆ.

ಹಣದ ಬಗ್ಗೆಯೂ ಕಡತವನ್ನು ತಿದ್ದುವ ಬಗ್ಗೆಯೂ ಲಿಖಿತ ದೂರು ಕೊಟ್ಟಿದ್ದೇನೆ. ‘ಮುಖ್ಯ ದೂರು’ ಎಂಬಲ್ಲಿ ಉಸಿರಾಟದ ತೊಂದರೆ ಮತ್ತು ಅತಿಯಾದ ರಕ್ತಸ್ರಾವ ಎಂದು ಬರೆಯುವವರೆಗೆ ಬಿಡುವುದಿಲ್ಲ. ಈಗ ಇಂಥದ್ದೇ ಪ್ಯಾಕೇಜಿನಲ್ಲಿದ್ದು, ತೂಕ ಇಳಿಯುತ್ತಿದ್ದರೂ ಸುಸ್ತು ಹೆಚ್ಚುತ್ತಿರುವವರು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿರುವವರು, ಐಸ್ ಅಗಿಯಬೇಕೆನ್ನಿಸುವವರು ಅವರ ಮುಂದಿನ ಭೇಟಿಗಾಗಿ ಕಾಯಬೇಡಿ. ಬೇರೆ ಕಡೆ ಹೋಗಿ ಹಿಮೋಗ್ಲೋಬಿನ್ ಮತ್ತು ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಎರಡನ್ನೂ ಈ ವಾರವೇ ಪರೀಕ್ಷೆ ಮಾಡಿಸಿ.