ನಡೆದು, ಕೂತು, ಕಾರಿನೊಳಗಿಂದ: ಹಕ್ಕಿ-ಪ್ರಾಣಿ ಫೋಟೋಗೆ ಯಾವ ದಾರಿ ಒಳ್ಳೆಯದು?

ನನ್ನ ಹತ್ತಿರ ಇರುವುದು ಹಳೆಯದೊಂದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಒಂದು 70-300 ಎಂಎಂ ಜೂಮ್ ಲೆನ್ಸ್. ಫೋಟೋ ಚೆನ್ನಾಗಿ ಬರದಿದ್ದಾಗೆಲ್ಲ, ದೂರದ್ದನ್ನು ಇನ್ನೂ ದೊಡ್ಡದಾಗಿ ತೋರಿಸುವ 600 ಎಂಎಂ ಲೆನ್ಸ್ ಇದ್ದಿದ್ದರೆ ಅನ್ನಿಸುತ್ತಿತ್ತು. ಒಂದು ದಿನ ಕೂತು ಲೆಕ್ಕ ಹಾಕಿದೆ. ಕಿರು ಮಿಂಚುಳ್ಳಿ ಸುಮಾರು 16 ಸೆಂಟಿಮೀಟರ್ ಉದ್ದದ ಹಕ್ಕಿ. 300 ಎಂಎಂನಲ್ಲಿ 60 ಅಡಿ ದೂರದಿಂದ ತೆಗೆದರೆ ಅದು ಫ್ರೇಮಿನ ಅಗಲದಲ್ಲಿ ಒಂಬತ್ತರಲ್ಲಿ ಒಂದು ಪಾಲು ಮಾತ್ರ. 20 ಅಡಿಗೆ ಬಂದರೆ ಮೂರರಲ್ಲಿ ಒಂದು ಪಾಲು. ಅಂದರೆ 20 ಅಡಿಯಿಂದ ನನ್ನ ಲೆನ್ಸ್ ಮಾಡುವ ಕೆಲಸವನ್ನೇ ಆ ದೊಡ್ಡ ಲೆನ್ಸ್ 40 ಅಡಿಯಿಂದ ಮಾಡುತ್ತದೆ. ಆ 20 ಅಡಿಗೆ ಅಷ್ಟೊಂದು ದುಡ್ಡು ಕೊಡುವ ಮುಂಚೆ, ಹತ್ತಿರ ಹೋಗುವುದು ಹೇಗೆ ಅಂತ ಕಲಿಯಬೇಕು ಅಲ್ವಾ?

ಹಾಗಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಅದೇ ಕ್ಯಾಮೆರಾ, ಅದೇ ಲೆನ್ಸ್ ಇಟ್ಟುಕೊಂಡು ಮೂರು ರೀತಿ ಪ್ರಯತ್ನಿಸಿದೆ. ನಡೆದು ಹತ್ತಿರ ಹೋಗುವುದು, ಒಂದೇ ಕಡೆ ಕೂತು ಕಾಯುವುದು, ಕಾರಿನೊಳಗಿಂದ ತೆಗೆಯುವುದು. ಒಂದೊಂದಕ್ಕೂ ಹತ್ತು ಹತ್ತು ಬೆಳಿಗ್ಗೆ ಕೊಟ್ಟೆ.

ಮೊದಲು ನಡಿಗೆ. ಧಾರವಾಡದ ಕೆಲಗೇರಿ ಕೆರೆಯಲ್ಲಿ ಶುರು ಮಾಡಿದೆ. ನೇರವಾಗಿ ಹಕ್ಕಿಯತ್ತ ಹೋಗಬಾರದು, ಓರೆಯಾಗಿ ಹೋಗಬೇಕು, ಅದು ತಲೆ ಎತ್ತಿದ ಕೂಡಲೇ ನಿಲ್ಲಬೇಕು ಅನ್ನುವುದೆಲ್ಲ ಗೊತ್ತಿತ್ತು. ಹಾಗೇ ಮಾಡಿದೆ. ಆದರೆ ಕೆರೆ ದಂಡೆಯಲ್ಲಿ ಟಿಟ್ಟಿಭ ಇದೆಯಲ್ಲ, ಅದು ಕಾವಲುಗಾರ ಇದ್ದ ಹಾಗೆ. ನಾನು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕೂಗುತ್ತಾ ಎದ್ದು ತಲೆ ಮೇಲೆ ಸುತ್ತುತ್ತಿತ್ತು. ಅಷ್ಟಾದರೆ ಸಾಕು, ಬೆಳ್ಳಕ್ಕಿ, ಕೊಳದ ಬಕ, ನೀರುಕಾಗೆ ಎಲ್ಲವೂ ಆಚೆ ದಂಡೆಗೆ ಹೋಗಿಬಿಡುತ್ತಿದ್ದವು. ನನಗೆ ಸಿಕ್ಕಿದ್ದು ಹಾರಿಹೋಗುವ ಹಕ್ಕಿಗಳ ಬೆನ್ನು.

ಮಾರ್ಚ್‌ನಲ್ಲಿ ಒಂದು ದಿನ ಕಣ್ಣನ್ನು ವ್ಯೂಫೈಂಡರಿಗೆ ಇಟ್ಟುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದೆ. ಏನೋ ಅನುಮಾನ ಬಂದು ಕೆಳಗೆ ನೋಡಿದೆ. ಬೂಟಿನಿಂದ ಒಂದು ಗೇಣು ದೂರದಲ್ಲಿ ಬೆಣಚುಕಲ್ಲಿನ ನಡುವೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ನಾಲ್ಕರ ಚೂಪು ತುದಿಯೂ ಒಳಮುಖ. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಬಯಲಲ್ಲೇ ಮೊಟ್ಟೆ ಇಡುತ್ತದೆ. ಅದು ಅಷ್ಟು ದಿನ ಯಾಕೆ ಕೂಗುತ್ತಿತ್ತು ಅಂತ ಆಗ ಅರ್ಥವಾಯಿತು. ಫೋಟೋ ತೆಗೆಯದೆ ಬಂದ ದಾರಿಯಲ್ಲೇ ವಾಪಸ್ ಹೋದೆ. ಬೇಸಿಗೆಯಲ್ಲಿ ಕೆರೆ ದಂಡೆಯ ಮೇಲೆ ಹಕ್ಕಿ ಹಿಂದೆ ನಡೆಯುವುದನ್ನು ಅಂದಿಗೇ ಬಿಟ್ಟೆ.

ನಡಿಗೆ ಪೂರ್ತಿ ದಂಡ ಅಂತ ಹೇಳುತ್ತಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ವಾಕಿಂಗಿಗೆ ಬರುವವರನ್ನು ದಿನಾ ನೋಡಿ ನೋಡಿ ಹಕ್ಕಿಗಳಿಗೆ ಮನುಷ್ಯರ ಭಯ ಕಡಿಮೆ. ಅಲ್ಲಿ ನಡೆದೇ ಹೋಗಬಹುದು. ಕಪ್ಪತಗುಡ್ಡದ ಕಡೆ ಚಿಟ್ಟೆ, ಓತಿಕ್ಯಾತ ಹುಡುಕುವುದಕ್ಕೂ ಕಾಲೇ ಸರಿ.

ಎರಡನೆಯದು ಕೂತು ಕಾಯುವುದು. ಇದನ್ನು ಹೇಳಿಕೊಟ್ಟಿದ್ದು ಕೆಲಗೇರಿಯಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬ ಅಜ್ಜ. ನಾನು ಆ ಕಡೆ ಈ ಕಡೆ ಓಡಾಡುವುದನ್ನು ನೋಡಿ ನೋಡಿ ಅವರಿಗೇ ಸಾಕಾಗಿರಬೇಕು. "ಒಂದ್ ಕಡೆ ಕುಂದರು ತಮ್ಮಾ. ನೀ ಬೆನ್ನ ಹತ್ತಿದ್ರ ಓಡತಾವ. ಕುಂತ್ರ ತಾವ ಬರತಾವ" ಅಂದರು. "ಎಷ್ಟ್ ಹೊತ್ತ್ ಕುಂದ್ರಬೇಕ್ರೀ ಅಜ್ಜಾ?" ಅಂತ ಕೇಳಿದೆ. "ಮೀನ ಕೇಳೇನ ನಾ?" ಅಂದರು.

ಮರುದಿನ ಕತ್ತಲಿರುವಾಗಲೇ ಹೋಗಿ ಜೊಂಡಿನ ಪಕ್ಕ ಕೂತೆ. ಮರೆಯಾಗಲು ಬಳಸುವ ಬಲೆ, ಬಟ್ಟೆ ಏನೂ ಕೊಳ್ಳಲಿಲ್ಲ, ಮನೆಯಲ್ಲಿದ್ದ ಕರಿ ಕಂಬಳಿ ಹೊದ್ದುಕೊಂಡೆ. ಬಟ್ಟೆಯ ಬಣ್ಣಕ್ಕಿಂತ ಮುಖ್ಯವಾದದ್ದು ತಲೆ, ಭುಜದ ಆಕಾರ ಕಾಣದಂತೆ ಮುಚ್ಚುವುದು, ಕೈ ಅಲ್ಲಾಡದಂತೆ ಇರುವುದು. ಮೊದಲ ಅರ್ಧ ಗಂಟೆ ಏನೂ ಬರಲಿಲ್ಲ. ಆಮೇಲೆ ಟಿಟ್ಟಿಭವೇ ಸುಮ್ಮನಾಯಿತು. ಬಕ ತಾನಾಗಿ ಹತ್ತಿರ ಬಂತು. ನಾಲ್ಕನೆಯ ದಿನ ಕಿರು ಮಿಂಚುಳ್ಳಿ ನನ್ನಿಂದ 15 ಅಡಿ ದೂರದ ಒಣ ಕಡ್ಡಿಯ ಮೇಲೆ ಕೂತಿತು. ಉಸಿರು ಬಿಡಲೂ ಭಯವಾಯಿತು.

ಅಷ್ಟು ಹತ್ತಿರದಿಂದ ದಿನಾ ನೋಡಿದಾಗ ಹಕ್ಕಿ ಮುಂದೆ ಏನು ಮಾಡುತ್ತದೆ ಅಂತ ತಿಳಿಯತೊಡಗುತ್ತದೆ. ಮಿಂಚುಳ್ಳಿ ನೀರಿಗೆ ಬೀಳುವ ಮುಂಚೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೀನು ಹಿಡಿದು ಬಂದ ಮೇಲೆ ಕಡ್ಡಿಗೆ ಬಡಿಯುತ್ತದೆ, ಆಮೇಲೆ ತಲೆ ಮುಂದಾಗಿ ತಿರುಗಿಸಿ ನುಂಗುತ್ತದೆ. ಆ ತಿರುಗಿಸುವ ಕ್ಷಣಕ್ಕೆ ಬೆರಳು ಸಿದ್ಧವಾಗಿರಬೇಕು. ಕಪ್ಪು-ಬಿಳಿ ಮಿಂಚುಳ್ಳಿಯಾದರೆ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಫೋಕಸ್ ಹಿಡಿಯಲು ಅಷ್ಟು ಸಮಯ ಸಾಕು.

ಗಾಳಿಯ ವಿಷಯವೂ ಅಲ್ಲೇ ತಿಳಿದದ್ದು. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮೂಡಣ ಗಾಳಿ ಬೀಸುವ ಚಳಿಗಾಲದ ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ಕೂತರೆ ಸೂರ್ಯನೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಹಕ್ಕಿ ನಮ್ಮ ಕಡೆ ಮುಖ ಮಾಡಿಯೇ ಏಳುತ್ತದೆ. ಮೊದಲೆಲ್ಲ ಜಾಗ ಖಾಲಿ ಇದೆ ಅಂತ ಪಶ್ಚಿಮ ದಂಡೆಯಲ್ಲಿ ನಿಲ್ಲುತ್ತಿದ್ದೆ. ಬರೀ ಬಾಲ ಸಿಗುತ್ತಿದ್ದದ್ದಕ್ಕೆ ಅದೇ ಕಾರಣ.

ಸೆಟ್ಟಿಂಗ್ ಬಗ್ಗೆ ಎರಡೇ ಮಾತು. ಶಟರ್ ವೇಗ ಕೂತ ಹಕ್ಕಿಗೆ ಸೆಕೆಂಡಿನ 1/500, ಹಾರುವುದಕ್ಕೆ 1/2000 ಅಥವಾ ಇನ್ನೂ ಜಾಸ್ತಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಬೆಳ್ಳಕ್ಕಿಯಂಥ ಬಿಳಿ ಹಕ್ಕಿ ಕಪ್ಪು ನೀರಿನ ಮೇಲಿದ್ದರೆ ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡರಷ್ಟು), ಇಲ್ಲವಾದರೆ ಗರಿಯ ಗೆರೆಯೇ ಕಾಣುವುದಿಲ್ಲ.

ಮೂರನೆಯದು ಕಾರು. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋದೆ. 119 ಚದರ ಕಿಲೋಮೀಟರ್, 1974ರಲ್ಲಿ ಘೋಷಣೆಯಾದದ್ದು. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಅನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಇಟ್ಟಿರುವುದೂ ಇದೇ ಹೆಸರು. ಕಾರು ನಿಂತಿದ್ದರೆ ಚಿಗರಿಗಳು ಮೇಯುವುದನ್ನು ನಿಲ್ಲಿಸುವುದಿಲ್ಲ. ಒಮ್ಮೆ ಕಾಲು ಚಾಚೋಣ ಅಂತ ಬಾಗಿಲು ತೆಗೆದೆ, ಅಷ್ಟೇ. ಇಡೀ ಹಿಂಡು ಜಿಗಿಯುತ್ತಾ ನೀಲಗಿರಿ ಮರಗಳ ಹಿಂದೆ ಹೋಯಿತು.

ಕಾರಿನ ಕಿಟಕಿಗೆ ಟ್ರೈಪಾಡ್ ಆಗುವುದಿಲ್ಲ. ಹಳೆ ಜೀನ್ಸ್ ಪ್ಯಾಂಟಿನ ಕಾಲನ್ನು ಹೊಲಿದು, ಎರಡು ಕಿಲೋ ಜೋಳ ತುಂಬಿ ಬೀನ್ ಬ್ಯಾಗ್ ಮಾಡಿಕೊಂಡೆ. ಲೆನ್ಸ್ ಅದರಲ್ಲಿ ಚೆನ್ನಾಗಿ ಕೂರುತ್ತದೆ. ಜೋಳವನ್ನು ಆಗಾಗ ಬಿಸಿಲಿಗೆ ಹಾಕಿ, ಇಲ್ಲವಾದರೆ ಹುಳ ಹಿಡಿಯುತ್ತದೆ. ಎಂಜಿನ್ ಆಫ್ ಮಾಡದಿದ್ದರೆ ನಡುಕಕ್ಕೆ ಫೋಟೋ ಮಸುಕಾಗುತ್ತದೆ. ಚಿಗರಿಯ ಭುಜದ ಎತ್ತರಕ್ಕೂ ಕಾರಿನ ಕಿಟಕಿಗೂ ಜಾಸ್ತಿ ಅಂತರ ಇಲ್ಲ, ಹಾಗಾಗಿ ಕಣ್ಣಿಗೆ ಕಣ್ಣು ಸೇರುವ ಫೋಟೋ ಬರುತ್ತದೆ. ನೆಲದ ಮೇಲಿನ ಕವುಜುಗಕ್ಕೆ ಮಾತ್ರ ಇದು ಸರಿಯಲ್ಲ, ಮೇಲಿಂದ ಇಣುಕಿದ ಹಾಗೆ ಕಾಣುತ್ತದೆ. ಒಂಬತ್ತು ಗಂಟೆ ದಾಟಿದರೆ ನೆಲ ಕಾದು ಬಿಸಿಗಾಳಿ ಏಳುತ್ತದೆ. ಆಮೇಲೆ ದೂರದ ಪ್ರಾಣಿ ನೀರಿನೊಳಗಿದ್ದಂತೆ ಅಲುಗಾಡುತ್ತದೆ. ಅದನ್ನು ಎಷ್ಟೇ ದುಬಾರಿ ಲೆನ್ಸೂ ಸರಿ ಮಾಡಲಾರದು.

ನನ್ನ ತೀರ್ಪು ಕೇಳಿದರೆ ಕೂರುವುದೇ ಮೊದಲು, ಕಾರು ಎರಡನೆಯದು, ನಡಿಗೆ ಕೊನೆಗೆ. ಕಾರಿನಲ್ಲಿ ಬೇಗ ಫೋಟೋ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಮುಂದಿನ ಕ್ಷಣ ಊಹಿಸುವುದನ್ನು ನನಗೆ ಕಲಿಸಿದ್ದು ಕಂಬಳಿಯೊಳಗಿನ ಆ ಹತ್ತು ಬೆಳಿಗ್ಗೆಗಳು. ಖರ್ಚೂ ಇಲ್ಲ.

ಒಂದು ಕಡೆ ಮಾತ್ರ ಈ ಮೂರೂ ನಡೆಯಲಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ, 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನಡುನೀರಿನಲ್ಲೇ ಇರುತ್ತವೆ, ಎಷ್ಟು ಕೂತರೂ ದಂಡೆಗೆ ಬರುವುದಿಲ್ಲ. ಅಲ್ಲಿ ಒಂದೇ ಹಕ್ಕಿಯ ಆಸೆ ಬಿಟ್ಟು, ಹೊಲದಲ್ಲಿ ಮೇಯ್ದು ಸಾಲಾಗಿ ವಾಪಸ್ ಬರುವಾಗ ಇಡೀ ಸಾಲನ್ನೇ ಹಿಡಿಯಿರಿ. ಆಕಾಶ ಬೆಳ್ಳಗಿರುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ. ಆಗ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಯೂ ಕಾಣುತ್ತದೆ.